ಹೆಚ್ಚಿಗೆ ಅಚ್ಚಾದ ಸಾಲು

ಕೆರಿಬಿಯನ್ ಕಾವ್ಯದ ಪತ್ರಿಕೆಯಲ್ಲಿ ನಾನು ಎರಡು ಸಲ ನಪಾಸಾದೆ. ಈ ಮಾತನ್ನು ಈಗ ನಗುತ್ತ ಹೇಳುತ್ತೇನೆ. ಆಗ ಯಾರಾದರೂ ಎತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. ದೂರಶಿಕ್ಷಣದ ಇಂಗ್ಲಿಷ್ ಎಂ.ಎ.ಯಲ್ಲಿ ಉಳಿದ ಪತ್ರಿಕೆಗಳೆಲ್ಲ ಮುಗಿದು ಇದೊಂದೇ ಗಂಟು ಬಿದ್ದಿತ್ತು. ಮೂರನೆಯ ಸಲವೇ ಕೊನೆಯದು. ಅದರಲ್ಲೂ ಹೋದರೆ ನೋಂದಣಿಯ ಅವಧಿ ತೀರಿ, ಪಾಸಾದ ಪತ್ರಿಕೆಗಳೂ ಮಣ್ಣುಪಾಲು. ದೇವರ ಹಿಪ್ಪರಗಿಯ ಹೈಸ್ಕೂಲಿನಲ್ಲಿ ದಿನಬೆಳಗಾದರೆ ಮಕ್ಕಳಿಗೆ ಓದಿರಿ ಓದಿರಿ ಎಂದು ಗದರುವ ನಾನು, ಸ್ಟಾಫ್ ರೂಮಿನಲ್ಲಿ ಯಾವ ಮುಖ ಹೊತ್ತು ಕೂರಬೇಕು?

ಓದಿನಲ್ಲಿ ನನ್ನ ತಪ್ಪೇನೂ ಇಲ್ಲ ಎಂಬುದು ನನ್ನ ವಾದ. ಹಿಂದಿನ ವರ್ಷ ಪಾಸಾಗಿದ್ದ ಮುದ್ದೇಬಿಹಾಳದ ಗೆಳತಿಯೊಬ್ಬಳು ತನ್ನ ಗೈಡು ಕೊಟ್ಟಿದ್ದಳು. ಅದರಲ್ಲಿ ಕಾವ್ಯದ ವಸ್ತುಗಳು ಒಂದು ಕಡೆ: ಸಮುದ್ರ, ಕಬ್ಬಿನ ತೋಟ, ಗುಲಾಮಗಿರಿ, ಕೈತಪ್ಪಿದ ಊರು, ಮನೆಮಾತು. ತಂತ್ರಗಳು ಇನ್ನೊಂದು ಕಡೆ: ರೂಪಕ, ಪ್ರತೀಕ, ವ್ಯಂಗ್ಯ, ಪಲ್ಲವಿ. ಸಿಂದಗಿಯಿಂದ ಹಿಪ್ಪರಗಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಎರಡೂ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ. ಸಮುದ್ರವನ್ನಂತೂ ಕಂಡವಳಲ್ಲ. ಬಸವನ ಬಾಗೇವಾಡಿಗೆ ಮದುವೆಗೆ ಹೋದಾಗ ನೋಡಿಬಂದ ಆಲಮಟ್ಟಿಯ ಹಿನ್ನೀರೇ ನಾನು ಕಂಡ ದೊಡ್ಡ ನೀರು. ಆದರೂ ಎರಡು ಸಲವೂ ಸಮುದ್ರದ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಪೇಪರು ತಿದ್ದಿದವರಿಗೆ ಅದು ವಾಸನೆ ಹೊಡೆದಿರಬೇಕು.

ಮೂರನೆಯ ಸಲದ ತಯಾರಿಯ ಒಂದು ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಎದುರಿಗೆ ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಅಗರಖೇಡದ ಕಡೆಯವರು, ಸಾಲೆಯ ಮೆಟ್ಟಿಲು ಹತ್ತಿದವರಲ್ಲ. ಮದುವೆಗೆ ಮುಂಚೆಯೂ ಆಮೇಲೆ ಎಷ್ಟೋ ವರ್ಷವೂ ಭೀಮಾ ನದಿಯ ದಂಡೆಯಲ್ಲಿ ಕಬ್ಬು ಕಡಿಯಲು ಹೋದವರು. ಮನೆಯಲ್ಲಿ ಯಾರಾದರೂ ಬಾಯಿ ಮುಚ್ಚಿಕೊಂಡು ಓದಿದರೆ ಅವರಿಗೆ ತಡೆಯುವುದಿಲ್ಲ.

"ಒಬ್ಬಾಕೀನ ನುಂಗಬ್ಯಾಡ ಬೇ. ಏನೈತಿ ಅದರಾಗ? ನನಗೂ ಹೇಳು," ಅಂದರು.

ಹೇಳಿದೆ. ಹೆಂಗಸರು ಸಾಲಾಗಿ ನಿಂತು ಕಬ್ಬು ಕಡಿಯುವ ಪದ್ಯ ಅದು. ಮುಂದೆ ನಿಂತವಳು ತೋಟದ ಮೇಲ್ವಿಚಾರಕನನ್ನು ಕಿಚಾಯಿಸುವ ಸಾಲು ಕಟ್ಟುತ್ತಾಳೆ: ಟೋಪಿ ದೊಡ್ಡದು, ತಲೆ ಸಣ್ಣದು, ಹೀಗೆ. ಹಿಂದಿನವರು ಪ್ರತಿ ಸಲ ಗಾಳಿ ತಂಪಾಗಿದೆ ಎಂಬ ಒಂದೇ ಪಲ್ಲವಿ ಹೇಳುತ್ತಾರೆ. ಮೂರನೆಯ ನುಡಿಯ ಕೊನೆಗೆ ಸಾಲಿನ ತುದಿಯಲ್ಲಿ ಮೇಲ್ವಿಚಾರಕನ ಕುದುರೆ ಬಂದು ನಿಲ್ಲುತ್ತದೆ. ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದುತ್ತ ಕುದುರೆಯವರೆಗೆ ಬಂದೆ. ಅತ್ತೆಯ ಮೊರ ನಿಂತಿತು.

"ತಡಿ. ನೀ ನಡಕ ಏನೋ ಬಿಟ್ಟಿ."

"ಏನೂ ಬಿಟ್ಟಿಲ್ಲರಿ ಅತ್ತಿ."

"ಬಿಟ್ಟೀದಿ. ಕುದರಿ ಬಂದ್ರ ಗಾಳಿ ತಂಪೈತಿ ಅಂತ ಒಮ್ಮಿ ಅಂದು ಸುಮ್ಮನಾಗ್ತಾರೇನ? ಅಂವ ದಾಟಿ ಹೋಗೂತನಕ ಅದನ್ನ ಎಳೀಬೇಕು. ಇಲ್ಲಂದ್ರ ಮುಂದಿನಾಕಿ ಬೈಗಳ ಅವನ ಕಿವಿಗೆ ಬೀಳೂದಿಲ್ಲೇನ?"

ನಾನು ಪುಸ್ತಕ ನೋಡಿದೆ. ಮೂರನೆಯ ನುಡಿಯಲ್ಲಿ ಆ ಪಲ್ಲವಿ ಒಂದರ ಕೆಳಗೊಂದು ಮೂರು ಸಲ ಅಚ್ಚಾಗಿತ್ತು. ದೂರಶಿಕ್ಷಣದ ಪಾಠಪುಸ್ತಕದಲ್ಲಿ ಪುಟಕ್ಕೆ ನಾಲ್ಕು ಅಚ್ಚಿನ ತಪ್ಪು ಮಾಮೂಲು. ಇದೂ ಅಂಥದೇ ಎಂದು, ಮೊದಲ ವರ್ಷವೇ, ಎರಡು ಸಾಲನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದೆ. ಮಾಸ್ತರಿಕೆಯ ಚಟ, ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಎರಡು ಪರೀಕ್ಷೆಗೂ ಆ ಪದ್ಯವನ್ನು ಅಷ್ಟು ಕತ್ತರಿಸಿಕೊಂಡೇ ಕಲಿತಿದ್ದೆ.

ಒಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ. "ಅದು ಅಚ್ಚಿನ ತಪ್ಪರಿ ಅತ್ತಿ," ಎಂದು ವಾದಿಸಿದೆ.

"ಪುಸ್ತಕದಾಗ ಐತೋ ಇಲ್ಲೋ?"

"ಐತ್ರಿ."

"ಮತ್ತ ತಪ್ಪು ನಿಂದು."

ಸಿಟ್ಟಿನಿಂದ ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡುತ್ತ ಚಹಾ ಮಾಡಿದೆ. ಚಹಾ ಕುದಿಯುವಷ್ಟರಲ್ಲಿ ಸಿಟ್ಟು ಇಳಿದು ಕುತೂಹಲ ಏರಿತ್ತು. ಎರಡು ಕಪ್ಪು ಹಿಡಿದು ಬಂದು ಅವರ ಪಕ್ಕದಲ್ಲೇ ಕೂತೆ.

ಅವತ್ತು ಅತ್ತೆ ಬಾಯಿಬಿಟ್ಟರು. ಅವರ ಗುಂಪಿನಲ್ಲೂ ಹೀಗೇ ಹಾಡುತ್ತಿದ್ದರಂತೆ. ಮುಂದಿನವಳು ಒಂದು ಸಾಲು ಎಸೆದರೆ, ಅವಳಿಗೆ ಇನ್ನೊಂದು ಹೊಳೆಯುವವರೆಗೆ ಹಿಂದಿನವರು ಪಲ್ಲವಿ ಹಿಡಿದಿರಬೇಕು. ಆಗ ಅವಳಿಗೆ ಉಸಿರೂ ಸಿಗುತ್ತದೆ, ಕತ್ತಿ ಎಲ್ಲರದೂ ಒಟ್ಟಿಗೆ ಬೀಳುತ್ತದೆ. ಕೂಲಿಯವರ ಮೇಲಿನ ಮುಕಾದಮ ಹತ್ತಿರ ಬಂದರೆ ಮೊದಲು ಕಂಡವಳು ಪಲ್ಲವಿಯನ್ನು ಜೋರಾಗಿ ಎತ್ತಬೇಕು. ಅದೇ ಸೂಚನೆ.

"ನಮ್ಮ ಮುಕಾದಮ ಭಾಳ ಚಲೋ, ನೀರ ಕೇಳಿದ್ರ ನಾಳಿ ಕೊಡ್ತಾನ ಅಂತ ಹಾಡ್ತಿದ್ವಿ. ಭಾಳ ಚಲೋ ಅನ್ನೂದಷ್ಟ ಅವಗ ಕೇಳ್ತಿತ್ತು. ಖುಷಿಯಾಗಿ ಒಂದ್ಸಲ ಎಲ್ಲಾರಿಗೂ ಚಾ ಕುಡಿಸಿದ!" ಎಂದು ಹೇಳಿ, ಮೊರ ಅಲುಗುವಂತೆ ನಕ್ಕರು. ವ್ಯಂಗ್ಯ ಎಂಬುದಕ್ಕೆ ಗೈಡಿನಲ್ಲಿ ಆರು ಸಾಲಿನ ವ್ಯಾಖ್ಯೆ ಇತ್ತು. ಅದು ನನಗೆ ಅರ್ಥವಾದದ್ದು ಈ ಚಹಾದಿಂದ.

ಅಂದಿನಿಂದ ಪರೀಕ್ಷೆಯವರೆಗೆ ದಿನಾ ಸಂಜೆ ಸಾಲೆಯಿಂದ ಬಂದ ಕೂಡಲೇ ನಮ್ಮ ಕ್ಲಾಸು. ಯಾರು ಯಾರಿಗೆ ಕಲಿಸುತ್ತಿದ್ದರು ಎಂದು ಕೇಳಬೇಡಿ. ಕಬ್ಬು ಯಾವುದರ ಪ್ರತೀಕ ಎಂದು ನಾನು ಗತ್ತಿನಿಂದ ವಿವರಿಸಲು ಹೊರಟರೆ, "ಮೊದಲ ಅದು ಕಬ್ಬು. ಎಲಿ ತಾಗಿದ್ರ ಕೈ ಕೊಯ್ತೈತಿ. ಅದನ್ನ ಬರದು ಆಮ್ಯಾಲ ನಿನ್ನ ಪ್ರತೀಕ ಬರಿ," ಎನ್ನುತ್ತಿದ್ದರು. ಅಲ್ಲಿಯ ಕವಿಗಳು ಸಾಲೆಯ ಇಂಗ್ಲಿಷ್ ಬಿಟ್ಟು ಮನೆಯಲ್ಲಾಡುವ ಮಾತಿನಲ್ಲಿ ಬರೆದದ್ದು ದೊಡ್ಡ ಧೈರ್ಯ ಎಂದೆ. ಅವರಿಗೆ ಅದರಲ್ಲಿ ಧೈರ್ಯವೇನೂ ಕಾಣಲಿಲ್ಲ. "ಮತ್ತ ಯಾರ ಮನ್ಯಾಗಿಂದು ಬರೀಬೇಕಿತ್ತ?" ಅಂದರು. ಸಮುದ್ರದ ವಿಷಯದಲ್ಲಿ ಮಾತ್ರ ಇಬ್ಬರೂ ಸಮಸಮ ದಡ್ಡರು.

ವಿಜಯಪುರದ ಪರೀಕ್ಷಾ ಕೇಂದ್ರದಲ್ಲಿ ಪ್ರಶ್ನೆಪತ್ರಿಕೆ ತೆರೆದರೆ, ಅದೇ ಪದ್ಯದ ಪಲ್ಲವಿಯ ಬಗ್ಗೆ ದೊಡ್ಡ ಪ್ರಶ್ನೆ. ಗೈಡಿನ ಉತ್ತರ ನಾಲಿಗೆಯ ತುದಿಯಲ್ಲಿತ್ತು: ಲಯ ತರುತ್ತದೆ, ಭಾವವನ್ನು ಗಟ್ಟಿ ಮಾಡುತ್ತದೆ, ಪದ್ಯಕ್ಕೆ ಏಕತೆ ಕೊಡುತ್ತದೆ. ಅರ್ಧ ಪುಟ ಬರೆದೆ. ಕೈ ನಿಂತಿತು. ಎರಡು ಸಲ ಇದನ್ನೇ ತಾನೇ ಬರೆದದ್ದು? ಆದರೆ ಅತ್ತೆಯ ಉತ್ತರ ಬರೆದು, ತಿದ್ದುವವರು ಇದೇನು ಹುಚ್ಚು ಎಂದರೆ? ಐದು ವರ್ಷದ ಓದು ಹೋಗಿಬಿಡುತ್ತದೆ. ನಿಜಕ್ಕೂ ಹೆದರಿದೆ. ಹೆದರುತ್ತಲೇ ಆ ಅರ್ಧ ಪುಟವನ್ನು ಅಡ್ಡಗೆರೆ ಎಳೆದು ಕಾಟು ಹಾಕಿ, ಸಾಲಿನ ತುದಿಯ ಕುದುರೆಯಿಂದ ಶುರು ಮಾಡಿದೆ. ಪರೀಕ್ಷೆ ಬರೆಯುತ್ತ ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.

ಒಂದು ತೊಡಕಿತ್ತು. ಎಂ.ಎ. ಉತ್ತರದಲ್ಲಿ ಯಾರು ಹೇಳಿದ್ದು ಎಂದು ಬರೆಯದಿದ್ದರೆ ತೂಕವಿಲ್ಲ. ಗೈಡಿನ ಇಬ್ಬರು ವಿಮರ್ಶಕರನ್ನು ಹೆಸರು ಸಮೇತ ಹಾಕಿದೆ. ಅತ್ತೆಯ ಮಾತು ಬಂದಲ್ಲೆಲ್ಲ, ಕಬ್ಬಿನ ಗದ್ದೆಯನ್ನು ಬಲ್ಲ ಒಬ್ಬ ಹಿರಿಯ ವಿಮರ್ಶಕಿಯ ಪ್ರಕಾರ ಎಂದು ಬರೆದೆ.

ಎರಡು ತಿಂಗಳ ಮೇಲೆ ಫಲಿತಾಂಶ ಮೊಬೈಲಿನಲ್ಲೇ ಬಂತು. ಅರವತ್ತೊಂದು! ನಾನು ಕಿರುಚಿದ್ದಕ್ಕೆ ಅತ್ತೆ ಹಿತ್ತಲಿನಿಂದ ಓಡಿ ಬಂದರು.

"ಪಾಸಾದೇನ?"

"ಆದ್ನಿರಿ ಅತ್ತಿ! ನೀವು ಹೇಳಿದ್ದನ್ನ ಬರದು ಪಾಸಾದ್ನಿ," ಎಂದು ಅವರ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ, ಹಿರಿಯ ವಿಮರ್ಶಕಿಯನ್ನೂ ಸೇರಿಸಿ. ನಗುತ್ತಾರೆ ಅಂದುಕೊಂಡಿದ್ದೆ. ಅವರು ವಿಚಾರ ಮಾಡಿದರು.

"ಆ ಇನ್ನಿಬ್ಬರದು ಹೆಸರ ಹಾಕಿದ್ಯಾ?"

"ಹಾಕೇನ್ರಿ."

"ಅವರು ಕಬ್ಬು ಕಡದಾರೇನ?"

"ಇಲ್ಲ ಅನ್ನಸ್ತೈತ್ರಿ."

"ಮತ್ತ ನಂದ್ಯಾಕ ಬಿಟ್ಟಿ?"

ನಾಚಿಕೆಯಾಯಿತು, ಅದನ್ನು ಮುಚ್ಚಿಡಬೇಕು ಅನ್ನಿಸಲಿಲ್ಲ. "ಅಂಜಿದ್ನಿರಿ ಅತ್ತಿ. ಅಗರಖೇಡದ ಹೆಣ್ಮಗಳ ಹೆಸರ ನೋಡಿ ನಗ್ತಾರ ಅಂತ ಅಂಜಿದ್ನಿ," ಅಂದೆ.

ಅವರು ಕೋಪಿಸಿಕೊಳ್ಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ನಗಲಿ ಬಿಡು. ಮುಂದಿನ ಪರೀಕ್ಷಿಗೆ ಹಾಕು."

"ಇನ್ನ ಪರೀಕ್ಷಿ ಎಲ್ಲಿಂದರಿ? ಎಲ್ಲಾ ಮುಗೀತಲ್ರಿ."

"ಹಂಗಾರ ಮತ್ತೊಂದು ಕಟ್ಟು," ಅಂದರು ಅತ್ತೆ.