ಬೂಟು ಕಳಚದ ಅಂಕಲ್

ಇವತ್ತು ಬೆಳಿಗ್ಗೆ ದೋಸೆಹಿಟ್ಟಿಗೆ ಉಪ್ಪು ಬೆರೆಸಿದೆ, ಒಗೆದ ಬಟ್ಟೆ ಹರವಿದೆ, ಕುಂಡದ ಕರಿಬೇವಿಗೆ ನೀರು ಹಾಕಿದೆ, ಆಮೇಲೆ ನಮ್ಮ ಮನೆಯ ಯಾರ ಕಾಲಿಗೂ ಆಗದ ಒಂದು ಜೊತೆ ಕರಿ ಬೂಟಿಗೆ ಪಾಲಿಶ್ ಹಚ್ಚಿದೆ. ಎಡಗಾಲಿನ ಬೂಟಿನ ಹಿಮ್ಮಡಿ ಒಂದು ಪಕ್ಕಕ್ಕೆ ಸವೆದಿತ್ತು. ಪಕ್ಕದ ಮನೆಯ ಅಂಕಲ್ ಆ ಕಡೆಗೇ ವಾಲಿ ನಿಲ್ಲುತ್ತಿದ್ದರು. ಅವರ ಹೆಂಡತಿಯ ತಮ್ಮ ಬಂದು ಬೂಟು ಒಯ್ದರು. ಮಧ್ಯಾಹ್ನ ನಾವು ಹೋಗಿ ನೋಡಿದಾಗ ಅಂಕಲ್ ಅದನ್ನು ತೊಟ್ಟು ಶವಪೆಟ್ಟಿಗೆಯಲ್ಲಿ ಮಲಗಿದ್ದರು.

ಮಲೇಷ್ಯಾದ ಮೆಲಾಕಾದಲ್ಲಿ ನಮ್ಮದೂ ಅವರದೂ ಅಂಟಿಕೊಂಡ ಮನೆಗಳು, ನಡುವೆ ಸೊಂಟದೆತ್ತರದ ಗೋಡೆ. ಅಂಕಲ್ ಇಂಗ್ಲೆಂಡಿನವರು, ಜೀವಮಾನವೆಲ್ಲ ನಟ. ಊರೂರು ಸುತ್ತುವ ಕಂಪನಿಯಲ್ಲಿ ಪರದೆ ಎಳೆಯುತ್ತಾ ಶುರು ಮಾಡಿ, ಲಂಡನ್ನಿನ ರಂಗಕ್ಕೆ ಬಂದು, ಆಮೇಲೆ ಸಿನಿಮಾಗಳಲ್ಲಿ ಬಟ್ಲರ್, ಪಾದ್ರಿ, ಕರ್ನಲ್ ಆದವರು. "ಹೀರೋ ಆಗಲಿಲ್ಲ. ಹೀರೋಗೆ ಕೆಟ್ಟ ಸುದ್ದಿ ತಂದು ಹೇಳುವವನು ನಾನೇ," ಎನ್ನುತ್ತಿದ್ದರು. ತೋಟದ ದೊರೆಯ ಪಾತ್ರಕ್ಕೆಂದು ಇಲ್ಲಿಗೆ ಬಂದಾಗ, ಕೋಟಿನ ಗುಂಡಿ ಹೊಲಿದುಕೊಟ್ಟ ಇಲ್ಲಿಯ ಹುಡುಗಿಯನ್ನೇ ಮದುವೆಯಾದರು. ಆಕೆ ತೀರಿಕೊಂಡ ಮೇಲೂ ವಾಪಸು ಹೋಗಲಿಲ್ಲ.

ನಮ್ಮವರು ವೈದ್ಯಕೀಯ ಕಾಲೇಜಿನಲ್ಲಿ ಮೇಷ್ಟ್ರು. ಅಲ್ಲಿ ಪರೀಕ್ಷೆಗೆ ರೋಗಿಯ ಪಾತ್ರ ಮಾಡುವವರು ಬೇಕು. ಎದೆನೋವೆಂದು ನರಳಬೇಕು, ವಿದ್ಯಾರ್ಥಿ ಕೇಳಿದ್ದಕ್ಕೆ ಹಾಳೆಯಲ್ಲಿ ಬರೆದುಕೊಟ್ಟಂತೆಯೇ ಉತ್ತರಿಸಬೇಕು. ನಮ್ಮವರೇ ಅಂಕಲ್‌ರನ್ನು ಕರೆದೊಯ್ದರು. ಅವರೋ ಅದನ್ನು ಲಂಡನ್ನಿನ ರಂಗದಷ್ಟೇ ಗಂಭೀರವಾಗಿ ತೆಗೆದುಕೊಂಡರು. ಮೊದಲು ಅವರ ಹೆಂಡತಿ ಹಾಳೆ ಹಿಡಿದು ಎದುರು ಕೂತು, ಮರೆತಲ್ಲಿ ಮಾತು ಎತ್ತಿಕೊಡುತ್ತಿದ್ದರಂತೆ. ಆಕೆಯ ನಂತರ ಆ ಕೆಲಸ ನನ್ನ ಪಾಲಿಗೆ ಬಂತು.

"ಒಳಗೆ ಬನ್ನಿ ಅಂಕಲ್, ಶೂ ಅಲ್ಲೇ ಬಿಟ್ಟು," ಎಂದರೆ ಬರುತ್ತಿರಲಿಲ್ಲ. "ಬರಿಗಾಲಲ್ಲಿ ನಾನು ಬರೀ ಮುದುಕ, ಮೈ ಡಿಯರ್. ಮಾತೆಲ್ಲ ಬೂಟಿನಲ್ಲಿದೆ."

ಹಾಗಾಗಿ ಅವರು ಪೋರ್ಚಿನಲ್ಲಿ, ನಾನು ಹೊಸ್ತಿಲ ಈಚೆ ಹುರುಳಿಕಾಯಿಯ ನಾರು ತೆಗೆಯುತ್ತಾ. ನಾನು ಓದುವುದನ್ನು ಕೇಳಿ ಮಗಳಿಗೆ ನಗು. "ಅಮ್ಮಾ, ಯು ಆರ್ ಟೀಚಿಂಗ್ ಹಿಮ್ ಮೈಸೂರು ಇಂಗ್ಲಿಷ್ ಲಾ," ಎಂದಳು ಇಲ್ಲಿಯವರ ಧಾಟಿಯಲ್ಲಿ.

"ಲಂಡನ್ನಿನಲ್ಲಿ ಇದಕ್ಕಿಂತ ಕೆಟ್ಟದ್ದು ಕೇಳಿದ್ದೇನೆ," ಎಂದರು ಅಂಕಲ್.

ಅವರದ್ದು ಒಂದೇ ಕಟ್ಟಳೆ. ಸುಮ್ಮನಾದ ಕೂಡಲೇ ಮಾತು ಎತ್ತಿಕೊಡಬಾರದು. "ಬೇಕೆಂದೇ ನಿಲ್ಲಿಸಿರಬಹುದು, ಮರೆತೂ ಇರಬಹುದು. ನನ್ನ ಬಲಹುಬ್ಬು ನೋಡು. ಮೇಲಿದ್ದರೆ ಮಾತು ನನ್ನ ಹತ್ತಿರವೇ ಇದೆ. ಇಳಿದರೆ ಬೇಗ ಕೊಡು, ಮುಳುಗುತ್ತಾ ಇದ್ದೇನೆ."

ಕಳೆದ ವರ್ಷ ಹುಬ್ಬು ಇಳಿಯುವುದು ಹೆಚ್ಚಾಯಿತು. ನಾನು ಕೊಟ್ಟೆ, ಅವರು ಹಿಡಿದುಕೊಂಡರು, ಹೇಗೋ ದಾಟಿದೆವು. ಆದರೆ ಪರೀಕ್ಷೆಯ ಕೋಣೆಯಲ್ಲಿ ನಾನಿರಲಿಲ್ಲವಲ್ಲ. ಮೆಟ್ಟಿಲು ಹತ್ತುವಾಗ ನೋವು ಬಂತು ಎನ್ನಬೇಕಾದಲ್ಲಿ ನಿಂತುಬಿಟ್ಟರಂತೆ. ಎದುರಿಗಿದ್ದ ವಿದ್ಯಾರ್ಥಿನಿ ಇದೂ ಪಾತ್ರದ್ದೇ ಎಂದುಕೊಂಡು ಅವರ ಕೈ ಹಿಡಿದು ಕಾದಳಂತೆ. "ನಾನು ಯಾರಾಗಿ ಬಂದಿದ್ದೇನೆ?" ಎಂದು ಅವಳನ್ನೇ ಕೇಳಿದರಂತೆ.

"ಇನ್ನು ಅವರನ್ನ ಕರೆಯೋಕಾಗಲ್ಲ ಕಣೇ. ಮಕ್ಕಳ ಪರೀಕ್ಷೆ ಅದು," ಎಂದರು ನಮ್ಮವರು.

"ಹೇಳಿದ್ರಾ ಅವರಿಗೆ?"

"ನೀನು ಹೇಳು. ನಿನ್ ಮಾತಾದ್ರೆ ಕೇಳ್ತಾರೆ."

"ರೋಗಿಗೆ ಕೆಟ್ಟ ಸುದ್ದಿ ಹೇಳೋದು ಹೇಗೆ ಅಂತ ಪಾಠ ಮಾಡೋರು ನೀವು."

ಅವರು ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಎದ್ದರು. ಹೇಳುವುದು ನನ್ನಿಂದಲೂ ಆಗಲಿಲ್ಲ. ಮರುದಿನ ಅಂಕಲ್ ಬೂಟು ಮಿನುಗಿಸಿಕೊಂಡು ಅದೇ ಹಾಳೆ ಹಿಡಿದು ಬಂದರು.

"ಪರೀಕ್ಷೆ ಯಾವಾಗ?"

"ಇನ್ನೂ ಟೈಮಿದೆ ಅಂಕಲ್."

ಅವತ್ತಿನಿಂದ, ಅವರಿಗೆ ಕರೆಯೇ ಬಾರದ ಪರೀಕ್ಷೆಗೆ ದಿನವೂ ತಯಾರಿ ನಡೆಸಿದೆವು. ನನ್ನಿಂದಾಗುತ್ತಿದ್ದದ್ದು ಮುಂದಿನ ಮಾತು ಕೊಡುವುದೊಂದೇ. ಅದು ಅವರೊಳಗೆ ನಿಲ್ಲುವಂತೆ ಮಾಡುವುದು ಯಾರಿಂದಲೂ ಆಗುವಂತಿರಲಿಲ್ಲ.

ಒಂದು ದಿನ ಸಾರಿಗೆ ಒಗ್ಗರಣೆ ಹಾಕಿ ತಿರುಗಿದರೆ, ಅಂಕಲ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಾರೆ. ಬರಿಗಾಲು. ಅಷ್ಟು ಎತ್ತರದ ಮನುಷ್ಯನಿಗೆ ಅಷ್ಟು ಬೆಳ್ಳಗಿನ, ಮೆತ್ತಗಿನ ಪಾದಗಳು.

"ಮಕನ್?" ಎಂದರು. ಊಟ ಆಯಿತಾ ಎಂದು ಹೆಂಡತಿಯನ್ನು ಹಾಗೆಯೇ ಕೇಳುತ್ತಿದ್ದರು.

ಅನ್ನ ಸಾರು ಬಡಿಸಿದೆ. ಚೊಕ್ಕವಾಗಿ ಊಟ ಮಾಡಿದರು. ಹಾಳೆಯ ಸುದ್ದಿ ಎತ್ತಲಿಲ್ಲ. ಇಷ್ಟು ವರ್ಷ ಒಳಗೆ ಬನ್ನಿ, ಒಳಗೆ ಬನ್ನಿ ಎಂದು ಕರೆದವಳು ನಾನೇ.

ಮೊನ್ನೆ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಕೊಂಡೇ, "ಮೆಟ್ಟಿಲು ಹತ್ತುವಾಗ..." ಎಂದು ಶುರು ಮಾಡಿ ನಿಂತರು. ಹುಬ್ಬು ನೋಡಿದೆ. ಏರಿರಲಿಲ್ಲ, ಇಳಿದೂ ಇರಲಿಲ್ಲ. ಅವರು ಕಲಿಸಿದ ಹಾಗೆ ಕಾದೆ. ಆಮೇಲೆ ಕಿವಿಯ ಹತ್ತಿರ ಬಗ್ಗಿ "ನೋವು ಬಂತು" ಎಂದೆ. ಹಿಡಿದುಕೊಳ್ಳಲಿಲ್ಲ. ಮತ್ತೊಮ್ಮೆ ಕೊಟ್ಟೆ.

ಇವತ್ತು ರಾತ್ರಿ ಒಲೆ ಹಚ್ಚುವ ಮನಸ್ಸಾಗಲಿಲ್ಲ. ಮಗಳು ಮಾಮಕ್ ಹೋಟೆಲಿನಿಂದ ರೊಟ್ಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದಳು. ಬೆಳಗಿನ ಅನ್ನಕ್ಕೆ ಮೊಸರು ಕಲಸಿದೆ. ನಮ್ಮವರು ತುತ್ತು ಕೈಯಲ್ಲೇ ಹಿಡಿದು, "ಅವತ್ತೇ ನಾನು ಅವರಿಗೆ..." ಎಂದು ನಿಲ್ಲಿಸಿದರು. ಮುಂದಿನ ಮಾತು ನನಗೆ ಗೊತ್ತಿತ್ತು. ಎತ್ತಿಕೊಡಲಿಲ್ಲ.

ಅವರೇ ಮೊದಲು ಮಲಗಿದರು, ಗೋಡೆಯ ಕಡೆ ತಿರುಗಿ.