ಬೈಯುವಾಗ ಬಾರದ ಹಬೆ

ಬೆಳಗಿನ ಜಾವ. ರಂಗಮಂದಿರದ ಹಿಂಬದಿಯ ಉಡುಪಿನ ಕೋಣೆಯಲ್ಲಿ ಆಳೆತ್ತರದ ಕೆಟಲ್ ಒಂದು ಸ್ಟೂಲಿನ ಮೇಲೆ ಕೂತಿದೆ. ಅದಕ್ಕೆ ಕಾಲುಗಳಿವೆ, ಕಾಲಿಗೆ ಹವಾಯಿ ಚಪ್ಪಲಿ. ಮೂತಿಯಿಂದ ಬೆಳ್ಳಗೆ ಹಬೆ ಏಳುತ್ತಿದೆ. ಪತ್ರಿಕೆಗೆ ಬರೆಯಲು ಬಂದ ನಾನು ಯಾರನ್ನು ಮಾತಾಡಿಸಬೇಕೆಂದು ತಿಳಿಯದೆ ಕೆಟಲ್‌ಗೇ ಕೈ ಮುಗಿಯುತ್ತೇನೆ.

"ಒಳಗೆ ಬನ್ನಿ, ಸುಡಲ್ಲ," ಎನ್ನುತ್ತದೆ ಕೆಟಲ್.

ಒಳಗಿರುವವರು ಹೊಗೆಯಕ್ಕ. ನಾಟಕದ ಮಂದಿ ಇಟ್ಟ ಹೆಸರದು. ಮೂಲತಃ ದರ್ಜಿ. ಈಗ ಉಡುಪುಗಳೊಳಗಿಂದ ಹೊಗೆ, ಹಬೆ ಏಳಿಸಿಕೊಡುವುದೇ ಅವರ ಮುಖ್ಯ ಕಸುಬು. "ಹೊಗೆ ಎಲ್ಲಿದೆ ಸ್ವಾಮಿ? ಬೆಂಕಿನೇ ಇಲ್ವಲ್ಲ, ಬರೀ ನೀರು," ಎಂದು ಮುಚ್ಚಳ ಸರಿಸಿ ತಲೆ ಹೊರಹಾಕುತ್ತಾರೆ. ಹಾಗಾದರೆ ಹಬೆ ಎನ್ನೋಣವೇ? ಕೈ ಒಡ್ಡಿದರೆ ತಣ್ಣಗಿದೆ. ಏನೆಂದು ಬರೆದುಕೊಳ್ಳಲಿ? ಪೆನ್ನು ಅಲ್ಲೇ ನಿಲ್ಲುತ್ತದೆ.

ಹೊಟ್ಟೆಯ ಹತ್ತಿರ ಮುಚ್ಚಳವಿರುವ ನೀರಿನ ಡಬ್ಬಿ, ಅದರೊಳಗೆ ಸದಾ ನಡುಗುವ ಪುಟ್ಟ ಬಿಲ್ಲೆ. ಆ ನಡುಕಕ್ಕೆ ನೀರು ಮಂಜಾಗುತ್ತದೆ. ಚಿಕ್ಕ ಫ್ಯಾನೊಂದು ಮಂಜನ್ನು ಕೊಳವೆಯೊಳಗಿಂದ ಮೂತಿಯವರೆಗೆ ತಳ್ಳುತ್ತದೆ. ಯಾವ ಉಡುಪೇ ಇರಲಿ, ಮೊದಲು ತಾವೇ ತೊಟ್ಟು, ನಾಟಕ ಮುಗಿಯುವಷ್ಟು ಹೊತ್ತು ಒಳಗೆ ಉಸಿರಾಡಿ ನೋಡದೆ ಅಕ್ಕ ಯಾರಿಗೂ ಕೊಡುವುದಿಲ್ಲ.

ಈ ಕೆಟಲ್ ತೊಡುವ ನಟ ಅಕ್ಕನ ಒಡಹುಟ್ಟಿದ ಅಣ್ಣ. ಹಿಂದೊಮ್ಮೆ ಯಾರೋ ಅವರ ಬೆನ್ನಿಗೆ, ಕಾಯಿಸಿ ಹೊಗೆ ಬಿಡುವ ಯಂತ್ರ ಕಟ್ಟಿದ್ದರು. ಬೆನ್ನು ಸುಟ್ಟಿತು, ಉಸಿರು ಕಟ್ಟಿತು. "ಇವನು ಒಳಗೆ ಒದ್ದಾಡ್ತಿದ್ದಾನೆ, ಜನ ನಟನೆ ಅಂದ್ಕೊಂಡು ಚಪ್ಪಾಳೆ ಹೊಡೀತಿದ್ದಾರೆ! ನಾನೂ ಹೊಡೆದೆ," ಎನ್ನುತ್ತಾರೆ ಅಕ್ಕ. ಅಂದಿನಿಂದ ಅಣ್ಣನ ಬೆನ್ನ ಮೇಲೆ ಅವರು ಒಂದು ತಂತಿಯನ್ನೂ ಹಾಯಿಸಿಲ್ಲ. ಎಲ್ಲವೂ ಮುಂದೆಯೇ.

ಸಂಜೆ ಮಕ್ಕಳ ನಾಟಕದ ಮೊದಲ ಪ್ರದರ್ಶನ. ಆದರೆ ನಿನ್ನೆಯ ತಾಲೀಮಿನಲ್ಲಿ ಎಲ್ಲ ತಲೆಕೆಳಗಾಗಿದೆ. ಕೆಟಲ್ ಸಿಟ್ಟಿನಿಂದ ಬೈಯುವಾಗ ಒಂದೆಳೆ ಹಬೆಯಿಲ್ಲ, ಬಾಯಿ ಮುಚ್ಚಿದ ಕೂಡಲೇ ಬುಸ್ಸೆಂದು ಬಂದಿದೆ. ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಹಳೆಯ ಬಿಸಿ ಯಂತ್ರವನ್ನೇ ಕಟ್ಟಿಸುವುದಾಗಿ ನಿರ್ದೇಶಕಿ ಖಡಾಖಂಡಿತ ಹೇಳಿದ್ದಾರೆ. "ನಾನು ಹಾಕ್ಕೊಂಡ್ರೆ ಸರಿಯಾಗೇ ಬರುತ್ತೆ, ಅವನು ಹಾಕ್ಕೊಂಡ್ರೆ ಬರಲ್ಲ. ಇದೆಂಥ ಮಾಯೆನೋ! ತಲೆ ಕೆಟ್ಟು ಮೊಸರಾಗಿದೆ," ಎನ್ನುತ್ತಾರೆ ಅಕ್ಕ. ಬಿಲ್ಲೆ ಬದಲಿಸಿದ್ದಾಯಿತು, ಫ್ಯಾನು ಬಿಚ್ಚಿದ್ದಾಯಿತು.

ಅಣ್ಣ ಬರುತ್ತಾರೆ. ಗುಂಡಗಿನ, ನಗುಮುಖದ ಮನುಷ್ಯ. ಕೆಟಲ್ ತೊಟ್ಟು ಗಂಟಲು ಹರಿಯುವಂತೆ ಬೈಯುತ್ತಾರೆ. ಹಬೆಯಿಲ್ಲ. ಸುಮ್ಮನಾಗುತ್ತಾರೆ. ಬುಸ್! ನಾನಂತೂ ಮೂತಿಯನ್ನೊಮ್ಮೆ, ಅಕ್ಕನ ಮುಖವನ್ನೊಮ್ಮೆ ನೋಡುತ್ತಾ ಕಕ್ಕಾಬಿಕ್ಕಿ. ಅಕ್ಕ ಉಡುಪಿನೊಳಗೆ ಕೈ ತೂರಿಸಿ, "ಇನ್ನೊಂದ್ಸಲ ಬೈಯಿ," ಎನ್ನುತ್ತಾರೆ. ಅಣ್ಣ ಬೈಯುತ್ತಾರೆ. ಅಕ್ಕನ ಕಣ್ಣು ಅಗಲವಾಗುತ್ತದೆ.

"ಅಯ್ಯೋ ದೇವರೇ, ನಿನ್ನ ಹೊಟ್ಟೆ ಕಣಣ್ಣ!"

ದನಿ ದೂರ ಕೇಳಲೆಂದು ನಟರು ಹೊಟ್ಟೆಯಿಂದ ಉಸಿರು ತುಂಬಿ ಕೂಗುತ್ತಾರೆ. ಆಗ ಉಬ್ಬಿದ ಹೊಟ್ಟೆ ಕೊಳವೆಯನ್ನು ಅದುಮಿ ಹಿಡಿಯುತ್ತದೆ. ಸುಮ್ಮನಾದರೆ ಬಿಡುತ್ತದೆ. ಕಡ್ಡಿಯಂತಿರುವ ಅಕ್ಕ ತೊಟ್ಟಾಗ ಇದು ಗೊತ್ತಾಗುವುದಾದರೂ ಹೇಗೆ? ಆದರೆ ಉಡುಪು ಹೊಲಿಯುವಾಗ ಅಣ್ಣನ ಅಳತೆ ತೆಗೆದಿರಲಿಲ್ಲವೇ?

"ಅಳತೆ ತಗೊಳ್ಳುವಾಗ ಸ್ವಲ್ಪ... ಹೊಟ್ಟೆ ಒಳಗೆ ಎಳ್ಕೊಂಡಿದ್ದೆ," ಎಂದು ಕೆಟಲ್ ನಾಚಿಕೊಳ್ಳುತ್ತದೆ.

"ತಂಗಿ ಮುಂದೆ ಎಂಥ ಶೋಕಿನೋ ನಿಂದು!" ಅಕ್ಕ ನಕ್ಕು ನಕ್ಕು ನೆಲಕ್ಕೇ ಕೂರುತ್ತಾರೆ. ಆಮೇಲೆ ನಗು ನಿಲ್ಲುತ್ತದೆ. ಪಕ್ಕಗಳಲ್ಲಿ ಕೈಗಳು ಆಡಬೇಕು, ಮುಂದೆ ಹೊಟ್ಟೆ. ಕೊಳವೆ ಹಾಯಿಸಲು ಉಳಿದಿರುವುದು ಬೆನ್ನು ಮಾತ್ರ. ಅಕ್ಕ ಕತ್ತರಿ ಎತ್ತಿಕೊಳ್ಳುತ್ತಾರೆ, ಮತ್ತೆ ಕೆಳಗಿಡುತ್ತಾರೆ.

"ಬೆನ್ನ ಮೇಲೇ ಹಾಕು," ಎನ್ನುತ್ತಾರೆ ಅಣ್ಣ.

"ಬೇಡಣ್ಣ. ನನ್ನ ಕೈ ಓಡಲ್ಲ."

"ಬೇರೆಯವರಾಗಿದ್ರೆ ನಾನೇ ಬೇಡ ಅಂತಿದ್ದೆ. ನೀನು ತಾನೆ ಹಾಕೋದು? ಹಾಕು."

ಸಂಜೆ ಅಕ್ಕ ತೆರೆಯ ಮರೆಯಲ್ಲಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಾರೆ. ರಂಗದ ಮೇಲೆ ಕೆಟಲ್ ಬೈಗುಳ ಶುರುಮಾಡುತ್ತದೆ, ಮೂತಿಯಿಂದ ಹಬೆ ಭುಗಿಲೇಳುತ್ತದೆ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು, "ಅಮ್ಮಾ, ಸುಡುತ್ತೆ!" ಎಂದು ಕಿರುಚಿ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಬೆಳಿಗ್ಗೆ ಅದನ್ನು ಕೈಯಾರೆ ಮುಟ್ಟಿ ನೋಡಿದ ನಾನೂ ಯಾಕೋ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಮುಂದಿನ ಆಸೆ ಏನೆಂದು ಕೇಳಿದರೆ, ಅಕ್ಕ ಅಣ್ಣನ ಬೆನ್ನಿನಿಂದ ಕಣ್ಣು ಕೀಳದೆ ಹೇಳುತ್ತಾರೆ: "ಆ ಮಗು ಸುಡುತ್ತೆ ಅಂತ ನಂಬಿತು. ನಮ್ಮಣ್ಣ ಸುಡಲ್ಲ ಅಂತ ನಂಬಿದ. ನಂಗಿನ್ನೇನು ಬೇಕು, ಹೇಳಿ?"