ಹನ್ನೆರಡು ಕೊಳದಪ್ಪಲೆಗಳ ಮಾತು

ಬುಸ್ಸ್... ಎಂದು ಉದ್ದನೆಯದೊಂದು ಉಸಿರು, ಅದರ ಬೆನ್ನಿಗೇ ಬುಸ್ ಎಂದು ಗಿಡ್ಡನೆಯದು. ಮಳವಳ್ಳಿಯ ಪೇಟೆಬೀದಿಯಿಂದ ಕೆರೆಯ ಕಡೆಗೆ ಇಳಿಯುವ ಸಂದಿಯಲ್ಲಿ ಬೆಳಗಾದರೆ ಈ ಸದ್ದು. ಕಲಾಯಿ ಮಾಡುವ ನಯಾಜ್ ಪಾಷಾನ ಮನೆಯ ತಿದಿ ಅದು. ಅದರ ಚರ್ಮ ಒಂದು ಮಗ್ಗುಲಲ್ಲಿ ಹರಿದು ತೇಪೆ ಬಿದ್ದಿದ್ದರಿಂದ ಎರಡನೆಯ ಉಸಿರು ಯಾವಾಗಲೂ ಗಿಡ್ಡ. ತಿದಿ ಒತ್ತುತ್ತಿದ್ದವಳು ಅವನ ಹೆಂಡತಿ ಫಕ್ರುನ್ನೀಸಾ. ಮದುವೆಯಾಗಿ ಬಂದ ಮೂರನೆಯ ದಿನ ಅತ್ತೆ ಅದನ್ನು ಅವಳ ಕೈಗೆ ಕೊಟ್ಟಿದ್ದಳು. ಹದಿನೆಂಟು ವರ್ಷವಾದರೂ ಯಾರೂ ವಾಪಸು ಕೇಳಿರಲಿಲ್ಲ.

ನಯಾಜ್ ಪಾಷಾನದು ಮಾತು ಕಡಿಮೆ, ಕೈ ಚುರುಕು. ಕಾದ ತಾಮ್ರದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದನೆಂದರೆ ಒಳಮೈಯೆಲ್ಲ ಬೆಳದಿಂಗಳು. ಗಿರಾಕಿ ಮನೆಗಳೊಂದಿಗೆ ಮಾತಾಡುವುದು, ಮಾತು ಕೊಡುವುದು ಫಕ್ರುನ್ನೀಸಾಳ ಪಾಲು. ಅವಳು ಹೂಂ ಅಂದರೆ ಕೆಲಸ ಆಯಿತೆಂದೇ ಹಳ್ಳಿಯವರ ಎಣಿಕೆ.

ಸಾವಿರದ ಒಂಬೈನೂರ ನಲವತ್ತೆರಡರ ಜನವರಿಯಲ್ಲಿ, ರಾಗಿ ಕಣದ ಹೊತ್ತಿಗೆ, ಕಿರುಗಾವಲಿನ ಹೊಂಬಾಳಮ್ಮನಿಗೆ ಅವಳು ಅಂಥದೊಂದು ಹೂಂ ಅಂದಿದ್ದಳು. ಹೊಂಬಾಳಮ್ಮ ಗದ್ದೆ ಹೊಲವಿದ್ದ ದೊಡ್ಡ ಮನೆಯ ಯಜಮಾನಿ. ಅವಳ ಅಟ್ಟದಲ್ಲಿ ಹನ್ನೆರಡು ತಾಮ್ರದ ಕೊಳದಪ್ಪಲೆಗಳಿದ್ದವು. ಊರಿನ ಮದುವೆಯ ಅಡುಗೆಗೆಲ್ಲ ಅವೇ. ವೈಶಾಖದಲ್ಲಿ ಅವಳ ಮಗಳದೇ ಮದುವೆ. ಪಾತ್ರೆಗೊಂದು ಕೊಳಗದಂತೆ ಹನ್ನೆರಡು ಕೊಳಗ ರಾಗಿಯನ್ನು ಕಣದಲ್ಲೇ ಅಳೆದು ಕೊಟ್ಟಿದ್ದಳು.

ಫೆಬ್ರವರಿಯಲ್ಲಿ ಸಿಂಗಪುರ ಜಪಾನಿಯರ ಕೈಗೆ ಬಿತ್ತು. ತವರ ಬರುತ್ತಿದ್ದುದು ಆ ಕಡೆಯಿಂದಲೇ. ನಯಾಜ್ ಪಾಷಾ ಮೈಸೂರಿಗೆ ಹೋಗಿ ಬಂದ, ಬೆಂಗಳೂರಿಗೆ ಹೋಗಿ ಬಂದ. ಎರಡು ಕಡೆಯಲ್ಲೂ ಅಂಗಡಿಯವರು ಬರಿಯ ಕೈ ಆಡಿಸಿದರು. ಇದ್ದಬದ್ದ ತವರವೆಲ್ಲ ಯುದ್ಧದ ಕೆಲಸಕ್ಕೆ. ಸಂದಿಯಲ್ಲಿ ತಿದಿಯ ಸದ್ದು ನಿಂತಿತು.

ಕಲಾಯಿ ಹೋದ ತಾಮ್ರದಲ್ಲಿ ಹುಳಿ ಕುದಿಸಿದರೆ ಕಿಲುಬು ಬಿಟ್ಟು ಉಂಡವರ ಹೊಟ್ಟೆ ಕೆಡುತ್ತದೆ. ಇದು ಹೊಂಬಾಳಮ್ಮನಿಗೂ ಗೊತ್ತು, ಫಕ್ರುನ್ನೀಸಾಳಿಗೂ ಗೊತ್ತು. ಕೊಟ್ಟ ಮಾತನ್ನು ಏನು ಮಾಡುವುದೆಂದು ಕೇಳಲು ಅವಳು ವಕೀಲರ ಗುಮಾಸ್ತ ಶಿವಣ್ಣನ ಬಳಿ ಹೋದಳು. ಅವನ ಮನೆಯ ಚೊಂಬುಗಳೂ ಅವಳ ತಿದಿಯ ಮುಂದೆ ಕಾದವೇ.

“ಇದಕ್ಕೆ ಇಂಗ್ಲೆಂಡಿನ ಕೋರ್ಟುಗಳೂ ತೀರ್ಪು ಕೊಟ್ಟಿವೆ, ನಮ್ಮ ಕಾಯಿದೆಯಲ್ಲೂ ಇದೆ,” ಎಂದ ಶಿವಣ್ಣ ಮೂಗಿನ ತುದಿಯ ಕನ್ನಡಕ ಮೇಲೇರಿಸಿ. “ಮಾತು ಕೊಟ್ಟ ಮೇಲೆ, ಇಬ್ಬರದೂ ತಪ್ಪಿಲ್ಲದೆ, ಆ ಕೆಲಸ ಮಾಡೋಕೇ ಆಗದ ಹಾಗೆ ಆಗಿಬಿಟ್ಟರೆ ಕರಾರು ಅಲ್ಲಿಗೇ ಸತ್ತಿತು. ನಿನ್ನನ್ನ ಯಾರೂ ಹಿಡಿಯೋ ಹಾಗಿಲ್ಲ.”

“ಅಷ್ಟೇನಾ ಸ್ವಾಮಿ?”

“ಇನ್ನೆರಡು ಮಾತಿದೆ. ಕಷ್ಟ ಆಯ್ತು, ನಷ್ಟ ಆಯ್ತು ಅಂದರೆ ಕಾನೂನು ಬಿಡೋದಿಲ್ಲ. ಆಗದೇ ಇರಬೇಕು. ಮತ್ತೆ, ತಗೊಂಡಿದ್ದನ್ನ ವಾಪಸು ಕೊಡಬೇಕು.”

ಅದು ಅವಳಿಗೆ ನ್ಯಾಯವೆನಿಸಿತು. ಐದು ಕೊಳಗ ಮುದ್ದೆಯಾಗಿ ಹೋಗಿತ್ತು. ಉಳಿದ ಏಳನ್ನು ಮೂಟೆ ಕಟ್ಟಿ, ಇದ್ದಲಿನ ಹೊಗೆ ಕಾರುತ್ತ ಓಡುವ ಬಸ್ಸಿನ ತಲೆಗೇರಿಸಿ, ಕಿರುಗಾವಲಿಗೆ ಹೋದಳು.

ಹೊಂಬಾಳಮ್ಮ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. “ಏನ್ ಬೂಬಮ್ಮ, ತಿದಿ ತತ್ತೀಯ ಅಂದ್ರೆ ಮೂಟೆ ಒತ್ಕೊಂಡ್ ಬಂದಿದ್ದೀಯ?”

ಫಕ್ರುನ್ನೀಸಾ ತವರದ ಕತೆ ಹೇಳಿದಳು, ಶಿವಣ್ಣನ ಮಾತನ್ನೂ ಹೇಳಿದಳು. “ಏಳು ಕೊಳಗ ತಂದಿವ್ನಿ ಅವ್ವಾ. ಮಿಕ್ಕ ಐದು ಸುಗ್ಗಿಗೆ ಕೊಡ್ತೀವಿ. ಕರಾರು ಸತ್ತೋಯ್ತಂತೆ.”

“ಯಾವನಮ್ಮ ಅದನ್ನ ಸಾಯ್ಸಿದೋನು?” ಹೊಂಬಾಳಮ್ಮ ಎದ್ದೇ ನಿಂತಳು. “ಕಣ್ದಲ್ಲಿ ಅಳೆದ ಕಾಳು ತಿರುಗಿ ನಮ್ ಒಸ್ಲು ದಾಟಕಿಲ್ಲ ಕಣಮ್ಮ! ದಾಟುದ್ರೆ ಲಕ್ಸ್ಮಿ ಆಚ್ಗೆ ಓಯ್ತಾಳೆ. ಅದೂವೆ ಮದ್ವೆ ಮನೆ. ಎತ್ತು ಮೊದ್ಲು ಮೂಟೆಯ.”

“ಅಂಗಂದ್ರೆ ನಾನೇನ್ ಮಾಡ್ಲಿ?”

“ಕಲಾಯಿ ಮಾಡು.”

ಬಸ್ಸಿನವನು ಅದೇ ಮೂಟೆಯನ್ನು ಮತ್ತೆ ಮೇಲೇರಿಸುತ್ತ, “ಏನಮ್ಮ, ರಾಗಿಗೆ ಊರು ತೋರಿಸ್ಕೊಂಡ್ ಬಂದ್ಯಾ?” ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಕಾನೂನು ಕೊಟ್ಟುಬಿಡು ಅನ್ನುತ್ತದೆ, ಕಣ ತಗೊಳ್ಳುವುದಿಲ್ಲ ಅನ್ನುತ್ತದೆ. ನಡುವೆ ನಿಂತದ್ದು ಅವಳ ಹೂಂ.

ಮನೆಯಲ್ಲಿ ಮೈದುನ ವಾಜಿದ್ ಕಾಯುತ್ತಿದ್ದ. “ಭಾಬಿ, ಸೀಸ ಸಿಗ್ತದಲ್ಲ? ಸೀಸವನ್ನೇ ಬಳಿದರೆ ಹೊಳಪಿಗೇನೂ ಕಡಿಮೆ ಇಲ್ಲ. ಒಂದು ದಿನದ ಊಟ, ಯಾರಿಗೆ ಗೊತ್ತಾಗ್ತದೆ?”

“ಸೀಸ ವಿಷ ಅಂತ ನಿಮ್ಮಪ್ಪನೇ ನನಗೆ ಹೇಳಿದ್ದು. ಆಗಲಿ, ಒಂದು ಪಾತ್ರೆಗೆ ಬಳಿ. ಅದರಲ್ಲೇ ಹುಳಿ ಕಾಯಿಸಿ ಮೊದಲು ನಿನಗೆ ಬಡಿಸ್ತೀನಿ.”

ವಾಜಿದ್ ಚಪ್ಪಲಿ ಹುಡುಕತೊಡಗಿದ. ಆ ತಿಂಗಳಲ್ಲಿ ನಯಾಜ್ ಪಾಷಾ ನಕ್ಕದ್ದು ಅದೇ ಮೊದಲು.

ಮರುದಿನ ತಣ್ಣಗಿದ್ದ ಕುಲುಮೆಯ ಮುಂದೆ ಕೂತಿದ್ದಾಗ ಅವಳಿಗೆ ಅತ್ತೆಯ ಹಳೆಯ ಬೈಗುಳ ನೆನಪಾಯಿತು. ಹೊಸ ಸೊಸೆಯಾಗಿದ್ದಾಗ ಕುಲುಮೆಯ ಬೂದಿಯನ್ನು ತಿಪ್ಪೆಗೆ ಗುಡಿಸಿದ್ದಕ್ಕೆ ಅತ್ತೆ ಬೀದಿಗೆ ಕೇಳುವಂತೆ ಕೂಗಾಡಿದ್ದಳು. “ಗಂಡಸರ ಬೆವರು ಅದರಲ್ಲಿದೆ, ಹಿತ್ತಲ ಗುಂಡಿಗೆ ಹಾಕು.” ಅಂದಿನಿಂದ ಬೂದಿಯೆಲ್ಲ ಆ ಗುಂಡಿಗೇ ಬಿದ್ದಿತ್ತು. ಒರೆಸುವಾಗ ಸಿಡಿದ ತವರದ ಹನಿಗಳೂ ಅದರಲ್ಲೇ ಬಿದ್ದಿರಬೇಕಲ್ಲ! ಮಾವನ ಕಾಲದವೂ ಇರಬೇಕು.

ಅಕ್ಕಸಾಲಿಗರ ಅಂಗಡಿಯ ಮುಂದಿನ ಮಣ್ಣು ಜಾಲಿಸುವವರನ್ನು ಅವಳು ನೋಡಿದ್ದಳು. ಹಾಗೆಯೇ ಗುಂಡಿಯ ಬೂದಿಯನ್ನು ಬುಟ್ಟಿಬುಟ್ಟಿಯಾಗಿ ಕೆರೆಗೆ ಹೊತ್ತು, ಅಗಲವಾದ ಬೋಗುಣಿಯಲ್ಲಿ ಕದಡಿ, ಹಗುರವಾದದ್ದನ್ನು ನೀರಿಗೆ ಬಿಟ್ಟು, ತಳದಲ್ಲಿ ಉಳಿದ ಸಾಸಿವೆಯಂಥ ಕಾಳುಗಳನ್ನು ಸೆರಗಿಗೆ ಕಟ್ಟಿಕೊಂಡಳು. ಹನ್ನೊಂದು ದಿನ. ಬಟ್ಟೆ ಒಗೆಯಲು ಬಂದ ಚಿಕ್ಕಬೋರಮ್ಮ ಕೇಳಿಯೇಬಿಟ್ಟಳು: “ಬೂದಿ ತೊಳದ್ರೆ ಬೆಳ್ಳಗಾಯ್ತದೇನಮ್ಮ?”

“ಆದ್ರೆ ನಿನಗೂ ಒಂದ್ ಬುಟ್ಟಿ ಕೊಡ್ತೀನಿ ತಗೊ.”

ಕಾಳುಗಳನ್ನು ಕರಗಿಸಿ ಎರೆದಾಗ ಕಿರುಬೆರಳಿನ ಗಾತ್ರದ ಮೂರು ಕಡ್ಡಿ ಬಂತು. ನಯಾಜ್ ಪಾಷಾ ಅಂಗೈಯಲ್ಲಿ ತೂಗಿ ನೋಡಿ, “ಮೂರು ಪಾತ್ರೆಗೆ,” ಎಂದ. ಗುಂಡಿ ಬರಿದಾಗಿತ್ತು. ಮೂರು ಪಾತ್ರೆಯ ಮಟ್ಟಿಗೆ ಕೆಲಸ ಕಷ್ಟವಾಗಿತ್ತು, ಅಷ್ಟೆ. ಒಂಬತ್ತರ ಮಟ್ಟಿಗೆ ನಿಜವಾಗಿಯೂ ಆಗದ್ದು.

ಮದುವೆಗೆ ನಾಲ್ಕು ದಿನವಿರುವಾಗ ಹೊಂಬಾಳಮ್ಮನ ಹಿತ್ತಿಲ ಹೊಂಗೆಯಡಿ ತಿದಿ ಮತ್ತೆ ಉಸಿರಾಡಿತು. ಒಂದು ಉದ್ದ, ಒಂದು ಗಿಡ್ಡ. ಅಡುಗೆಮನೆಯ ಕಡೆಗೆ ಫಕ್ರುನ್ನೀಸಾ ಹೋಗುವಂತಿರಲಿಲ್ಲ. ಹಿತ್ತಿಲಿನಿಂದಲೇ ಕೂಗಿ ಹೇಳಿದಳು: “ಸಾರು, ಹುಳಿ, ಮಜ್ಜಿಗೆ ಈ ಮೂರರಲ್ಲೇ ಇರ್ಲಿ. ಮಿಕ್ಕಿದ್ದಕ್ಕೆ ಮಣ್ಣಿನ ಮಡಕೆ ತರಿಸಿ. ಆ ಒಂಬತ್ತರಲ್ಲಿ ಕೈಕಾಲು ತೊಳೆಯೋ ನೀರು ಬಿಟ್ಟು ಬೇರೇನೂ ಕಾಯಿಸ್ಬೇಡಿ.”

ಹೊಂಬಾಳಮ್ಮ ಹೊಳೆಯುವ ಪಾತ್ರೆಯೊಳಗೆ ಬಗ್ಗಿ ಮುಖ ನೋಡಿಕೊಂಡಳು. “ಒಂಬತ್ತು?”

“ಅವು ಸತ್ತವು ಅವ್ವಾ. ಗುಂಡೀಲೂ ಇಲ್ಲ, ಅಂಗ್ಡೀಲೂ ಇಲ್ಲ.”

“ಸತ್ತಿದ್ರೆ ಈ ಮೂರು ಎಂಗೆ ಎದ್ ಬಂದ್ವು? ಮಲಗವೆ ಅನ್ನು. ತವ್ರ ಬಂದ್ ದಿನ ಎದ್ದೇಳ್ಲಿ ಬುಡು.”

ಫಕ್ರುನ್ನೀಸಾ ಈ ಸಲ ಹೂಂ ಅನ್ನಲಿಲ್ಲ. ತಿದಿ ಮಡಚಿದಳು. ಮುನ್ನೂರು ಎಲೆ ಬಿದ್ದ ಊಟದಲ್ಲಿ ಯಾರ ಹೊಟ್ಟೆಯೂ ಕೆಡಲಿಲ್ಲವೆಂದು ಬಸ್ಸಿನವನು ಬಂದು ಹೇಳಿದ. ಉಳಿದ ಏಳು ಕೊಳಗ ರಾಗಿಯೂ ಮುದ್ದೆಯಾಗಿ ಮುಗಿಯಿತು.

ಆಮೇಲಿನ ವರ್ಷಗಳಲ್ಲಿ ನಯಾಜ್ ಪಾಷಾ ಕಬ್ಬಿಣದ ಬಕೆಟ್ಟುಗಳಿಗೆ ತಳ ಕಟ್ಟಿದ, ಬೀಗ ರಿಪೇರಿ ಮಾಡಿದ. ಹೊಂಬಾಳಮ್ಮ ಸಂತೆಯಲ್ಲಿ ಎದುರಾದರೂ ಒಂಬತ್ತರ ಮಾತೆತ್ತಲಿಲ್ಲ. ಯುದ್ಧ ಮುಗಿದ ಮರುವರ್ಷ, ಒಂದು ಬೆಳಿಗ್ಗೆ, ಅವನು ಮೈಸೂರಿನಿಂದ ತವರ ತಂದ. ಹೆಚ್ಚೇನಿಲ್ಲ, ಒಂದು ಕಟ್ಟು. ಮದ್ದೂರಿನ ಹೋಟೆಲಿನವರು ಆಗಲೇ ಹೇಳಿಕಳಿಸಿದ್ದರು, ಕೈಮೇಲೆ ಕಾಸು.

“ಮೊದಲು ಮದ್ದೂರು ಮುಗಿಸೋಣ,” ಎಂದ. “ಆ ಕರಾರು ಅವತ್ತೇ ತೀರಿತು ಅಂತ ಶಿವಣ್ಣನೋರು ಹೇಳಿದ್ರಲ್ಲ. ನಾಲ್ಕು ವರ್ಷದ ಮೇಲೆ ಆಯಮ್ಮನಿಗೂ ನೆನಪಿರ್ತದಾ?”

ಫಕ್ರುನ್ನೀಸಾ ತಿದಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊಸಿಲು ದಾಟಿಯಾಗಿತ್ತು.

“ಮುದ್ದೆ ಉಂಡದ್ದು ನನಗೆ ನೆನಪಿದೆ. ತವರ ತಗೊಂಡು ಬನ್ನಿ, ಕಿರುಗಾವಲಿನ ಬಸ್ಸು ಹೊರಡೋ ಹೊತ್ತು. ಇವತ್ತು ಐದು ಮುಗಿಸಿದರೆ ನಾಳೆ ನಾಲ್ಕು, ಆಮೇಲೆ ನಿಮ್ಮ ಮದ್ದೂರು,” ಎನ್ನುತ್ತ ಅವಳು ಸಂದಿಯ ತಿರುವಿನಲ್ಲಿ ಸೆರಗು ಸರಿಮಾಡಿಕೊಂಡು, ಹಿಂದಕ್ಕೆ ನೋಡದೆ, “ಹತ್ತಿ ಮರೀಬೇಡಿ, ನವಸಾಗರ ಗೂಡಿನಲ್ಲಿದೆ,” ಎಂದು ಕೂಗಿದಳು.